ಎಂಬಿಎ ಸಂದರ್ಶನಕ್ಕೆ ಕರೆ ಬಂದಿದೆ, ಈಗೇನು ಮಾಡಬೇಕು? ಮಲೆನಾಡಿನ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಜನವರಿ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯಿಂದ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ: "ಇಂಟರ್‌ವ್ಯೂಗೆ ಕಾಲ್ ಬಂದಿದೆ, ಏನು ಓದಲಿ?" ಕೇಳುವವರೆಲ್ಲ ತಿಂಗಳುಗಟ್ಟಲೆ ಕೂತು ಪ್ರವೇಶ ಪರೀಕ್ಷೆಗೆ ಓದಿದವರು. ಆದರೆ ಸಂದರ್ಶನ ಅಂದ ಕೂಡಲೇ ಯಾರೋ ಕಳಿಸಿದ ಪಿಡಿಎಫ್‌ನಲ್ಲಿರುವ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ಅಲ್ಲಿ ಕೇಳುವುದು ಬಹುತೇಕ ನಿಮ್ಮ ಬಗ್ಗೆಯೇ. ನೀವು ಓದಿದ್ದು, ಮಾಡಿದ್ದು, ನೀವು ಬೆಳೆದ ಊರು. ನಮ್ಮ ಕಡೆಯ ಮಕ್ಕಳು ಊರಿನ ವಿಷಯ ಎತ್ತಲು ಸಂಕೋಚಪಡುತ್ತಾರೆ. ನಿಜ ಹೇಳಬೇಕೆಂದರೆ ಅವರ ಹತ್ತಿರ ಇರುವ ಗಟ್ಟಿ ವಿಷಯ ಅದೇ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಎಲ್ಲ ಎಂಬಿಎ ಸೀಟಿಗೂ ಸಂದರ್ಶನ ಇರುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ಸಿಗುವ ಸೀಟುಗಳು ರ‍್ಯಾಂಕ್ ಮೇಲೆ ಹಂಚಿಕೆ ಆಗುತ್ತವೆ. ಅಲ್ಲಿ ದಾಖಲೆ ಪರಿಶೀಲನೆ ಇದೆ, ಸಂದರ್ಶನ ಇಲ್ಲ. ಐಐಎಂಗಳು (ಕೇಂದ್ರ ಸರ್ಕಾರದ ಮ್ಯಾನೇಜ್ಮೆಂಟ್ ಸಂಸ್ಥೆಗಳು), ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ, ಗುಜರಾತಿನ ಆನಂದ್‌ನಲ್ಲಿರುವ ಇರ್ಮಾ, ಇನ್ನು ಹಲವು ಖಾಸಗಿ ಕಾಲೇಜುಗಳು ಸಂದರ್ಶನ ಮಾಡುತ್ತವೆ. ನಿಮ್ಮದು ಎರಡನೇ ಗುಂಪಾದರೆ ಮುಂದೆ ಓದಿ.

ಪದೇ ಪದೇ ಕಿವಿಗೆ ಬೀಳುವ ಕೆಲವು ಮಾತುಗಳು. ಪರ್ಸೆಂಟೈಲ್ ಅಂದರೆ ಅಂಕ ಅಲ್ಲ. 95 ಪರ್ಸೆಂಟೈಲ್ ಅಂದರೆ ಪರೀಕ್ಷೆ ಬರೆದ ನೂರರಲ್ಲಿ ಸುಮಾರು 95 ಜನರಿಗಿಂತ ನೀವು ಮುಂದಿದ್ದೀರಿ ಅಂತ. ಪಿಐ ಅಂದರೆ ವೈಯಕ್ತಿಕ ಸಂದರ್ಶನ. ವ್ಯಾಟ್ ಅಂದರೆ ಅಲ್ಲೇ ಕೂತು ಬರೆಯುವ ಪುಟ್ಟ ಪ್ರಬಂಧ. ಜಿಡಿ ಅಂದರೆ ಗುಂಪು ಚರ್ಚೆ, ಈಗ ಕೆಲವು ಕಡೆ ಮಾತ್ರ ಉಳಿದಿದೆ. ಎಸ್‌ಒಪಿ ಅಂದರೆ "ನಾನು ಯಾಕೆ ಈ ಕೋರ್ಸ್ ಸೇರಬೇಕು" ಎಂದು ಅರ್ಜಿಯ ಜೊತೆ ಬರೆದು ಕೊಡುವ ಹೇಳಿಕೆ. ಕ್ಯಾಪ್ ಅಂದರೆ ಹೊಸ ಐಐಎಂಗಳಲ್ಲಿ ಕೆಲವು ಸೇರಿ ನಡೆಸುವ ಒಂದೇ ಸಂದರ್ಶನ. ಅದನ್ನು ಒಮ್ಮೆ ಕೊಟ್ಟರೆ ಆ ಎಲ್ಲ ಕಡೆಗೂ ಲೆಕ್ಕ.

1. ಮೊದಲ ವಾರ: ಕಾಗದಪತ್ರ

ಓದು ಶುರು ಮಾಡುವ ಮುಂಚೆ ಇದನ್ನು ಮುಗಿಸಿ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಕೆಲಸ ಮಾಡಿದ್ದರೆ ಅನುಭವ ಪತ್ರ ಮತ್ತು ಸಂಬಳದ ಚೀಟಿ, ಗುರುತಿನ ಚೀಟಿ, ಕಾಲ್ ಲೆಟರ್‌ನ ಪ್ರಿಂಟ್. ಎಲ್ಲದರ ಮೂಲ ಪ್ರತಿ ಮತ್ತು ಎರಡು ಸೆಟ್ ಜೆರಾಕ್ಸ್. ಕೊನೇ ವರ್ಷದಲ್ಲಿ ಓದುತ್ತಿದ್ದರೆ ಪ್ರಾಂಶುಪಾಲರಿಂದ ವ್ಯಾಸಂಗ ಪತ್ರ ಬೇಕಾಗುತ್ತದೆ. ಯಾವುದಾದರೂ ಸೆಮಿಸ್ಟರ್‌ನ ಅಂಕಪಟ್ಟಿ ಕಾಲೇಜಿಗೆ ಇನ್ನೂ ಬಂದಿಲ್ಲ ಅಂದರೆ ಸುಮ್ನೆ ಕಾಯಬೇಡಿ. ಕುವೆಂಪು ವಿಶ್ವವಿದ್ಯಾಲಯದವರಾದರೆ ಶಂಕರಘಟ್ಟಕ್ಕೆ ಹೋಗಿ ವಿಚಾರಿಸಬಹುದು. ವಿಟಿಯು ವಿದ್ಯಾರ್ಥಿಗಳಿಗೆ ಬೆಳಗಾವಿ ದೂರ, ಹಾಗಾಗಿ ಕಾಲೇಜಿನ ಕಚೇರಿಯ ಮೂಲಕವೇ ಬೇಗ ಶುರು ಮಾಡಿ.

ನಮ್ಮವರು ಅತಿ ಹೆಚ್ಚು ಎಡವುವುದು ಮೀಸಲಾತಿ ಪ್ರಮಾಣಪತ್ರದಲ್ಲಿ. ನಿಮ್ಮ ಹತ್ತಿರ 2ಎ, 3ಎ, 3ಬಿ ಎಂದು ಬರೆದಿರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಇರಬಹುದು. ಅದು ರಾಜ್ಯದ ಪಟ್ಟಿ. ಐಐಎಂಗಳು ಕೇಳುವುದು ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರ. ಅಂದರೆ ಹಿಂದುಳಿದ ವರ್ಗದಲ್ಲಿದ್ದು, ಕುಟುಂಬ ಮೇಲ್ಪದರಕ್ಕೆ ಸೇರಿಲ್ಲ ಎನ್ನುವ ಪತ್ರ. ಎರಡೂ ಪಟ್ಟಿ ಬೇರೆ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದ್ದೇ ಇರುತ್ತದೆ ಅಂತಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ. ಆಮೇಲೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ತಹಶೀಲ್ದಾರರ ಸಹಿ ಇರುವ ಕೇಂದ್ರ ನಮೂನೆಯ ಪತ್ರವನ್ನೇ ಕೇಳಿ ಪಡೆಯಿರಿ. ಯಾವ ದಿನಾಂಕದ ನಂತರ ಕೊಟ್ಟಿದ್ದಿರಬೇಕು ಎಂಬುದನ್ನು ಆಯಾ ಸಂಸ್ಥೆಯೇ ತಿಳಿಸಿರುತ್ತದೆ. ಇಡಬ್ಲ್ಯುಎಸ್‌ಗೂ, ಅಂದರೆ ಆರ್ಥಿಕವಾಗಿ ಹಿಂದುಳಿದವರ ಕೋಟಾಗೂ ಇದೇ ಎಚ್ಚರ ಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೂ, 5 ಎಕರೆ ಅಥವಾ ಅದಕ್ಕಿಂತ ಜಾಸ್ತಿ ಕೃಷಿ ಜಮೀನಿದ್ದರೆ ಅದು ಸಿಗುವುದಿಲ್ಲ. ತೋಟ, ಗದ್ದೆ ಎಲ್ಲ ಸೇರಿಸಿ ಲೆಕ್ಕ ಹಾಕಿ.

ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಇದು ಮನೆ ಮನೆಯ ಸಮಸ್ಯೆ, ಅಲ್ವಾ? ಇಬ್ಬರೂ ಒಬ್ಬರೇ ಎಂದು ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಫೈಲಿನಲ್ಲಿಟ್ಟುಕೊಳ್ಳಿ.

2. ನಿಮ್ಮ ಅರ್ಜಿಯನ್ನು ಎದುರಾಳಿಯಂತೆ ಓದಿ

ನೀವು ತುಂಬಿದ ಅರ್ಜಿ, ಎಸ್‌ಒಪಿ, ರೆಸ್ಯೂಮೆ ಎಲ್ಲವನ್ನೂ ಪ್ರಿಂಟ್ ತೆಗೆದುಕೊಳ್ಳಿ. ಪ್ರತಿ ಸಾಲಿನ ಎದುರು "ಯಾಕೆ?", "ಹೇಗೆ?", "ಎಷ್ಟು?" ಎಂದು ಬರೆದು ಉತ್ತರ ಹುಡುಕಿ. ಒಂದು ಉತ್ತರ ಸಿಕ್ಕಿದ ಮೇಲೆ ಅದರ ಮೇಲೂ ಒಂದು ಪ್ರಶ್ನೆ ಹಾಕಿ. ಸಂದರ್ಶಕರು ಸಾಮಾನ್ಯವಾಗಿ ಎರಡು ಮೂರು ಪದರ ಕೆಳಗಿಳಿಯುತ್ತಾರೆ. ಅಷ್ಟು ದೂರ ನೀವು ಮೊದಲೇ ಹೋಗಿ ಬಂದಿರಬೇಕು.

ಹವ್ಯಾಸದ ಕಾಲಂನಲ್ಲಿ ಎಚ್ಚರ ಇರಲಿ. ಮಲೆನಾಡಿನವರು ಅನ್ನುವ ಕಾರಣಕ್ಕೆ "ಟ್ರೆಕ್ಕಿಂಗ್" ಎಂದು ಬರೆದುಬಿಡುತ್ತಾರೆ. ಕೊಡಚಾದ್ರಿಯ ಎತ್ತರ ಎಷ್ಟು, ಯಾವ ದಾರಿಯಲ್ಲಿ ಹತ್ತಿದಿರಿ, ಜೀಪಿನಲ್ಲಿ ಹೋದರೆ ಅದು ಟ್ರೆಕ್ಕಿಂಗಾ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಎತ್ತರ 1343 ಮೀಟರ್ ಎಂದು ಹೇಳಿದರೆ ಸಾಲದು, ನೀವು ನಿಜವಾಗಿ ನಡೆದಿರಬೇಕು. ಯಕ್ಷಗಾನ ನೋಡುವುದು, ಜೇನು ಸಾಕುವುದು, ಕನ್ನಡ ಕಾದಂಬರಿ ಓದುವುದು ನಿಮ್ಮ ನಿಜವಾದ ಆಸಕ್ತಿಯಾಗಿದ್ದರೆ ಅದನ್ನೇ ಹೇಳಿ. ಚೆಸ್, ಗಿಟಾರ್ ಎಂದು ಸುಳ್ಳು ಬರೆಯುವುದಕ್ಕಿಂತ ಅದು ಎಷ್ಟೋ ಮೇಲು.

ಕಡಿಮೆ ಅಂಕ, ಫೇಲಾದ ಸೆಮಿಸ್ಟರ್, ಓದು ಬಿಟ್ಟು ಮನೆಯಲ್ಲಿದ್ದ ವರ್ಷ ಇದ್ದರೆ ಮುಚ್ಚಿಡಲು ಹೋಗಬೇಡಿ. ಏನಾಯಿತು ಎಂದು ಎರಡು ವಾಕ್ಯ, ಆಮೇಲೆ ಏನು ಮಾಡಿದಿರಿ ಎಂದು ಎರಡು ವಾಕ್ಯ. ಅಷ್ಟೇ ಸಾಕು. ಮೇಷ್ಟ್ರ ಮೇಲೆ, ಕಾಲೇಜಿನ ಮೇಲೆ ದೂರು ಹೇಳುವುದು ಬೇಡ.

3. ಎರಡು ಖಾಯಂ ಪ್ರಶ್ನೆಗಳು

"ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್" ಎಂದಾಗ ಅಪ್ಪನ ಹೆಸರು, ಅಮ್ಮನ ಹೆಸರು, ಎಸ್‌ಎಸ್‌ಎಲ್‌ಸಿ ಅಂಕ ಎಂದು ಶುರು ಮಾಡಬೇಡಿ. ಅದೆಲ್ಲ ಅವರ ಕೈಯಲ್ಲೇ ಇರುತ್ತದೆ. ಒಂದೂವರೆ ನಿಮಿಷದೊಳಗೆ ಮೂರು ವಿಷಯ ಹೇಳಿ: ಎಲ್ಲಿಯವರು ಮತ್ತು ಮನೆಯವರ ಕಸುಬು ಏನು, ಏನು ಓದಿದಿರಿ ಅಥವಾ ಏನು ಕೆಲಸ ಮಾಡಿದಿರಿ, ನಿಮ್ಮ ಮನಸ್ಸು ಯಾವುದರ ಮೇಲಿದೆ. ನೆನಪಿಡಿ, ಇಲ್ಲಿ ಬಾಯಿಗೆ ಬಂದ ಪ್ರತಿ ಮಾತೂ ಮುಂದಿನ ಪ್ರಶ್ನೆಗೆ ಬಾಗಿಲು. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಅಲ್ಲಿ ಇಡಿ.

"ಯಾಕೆ ಎಂಬಿಎ?" ಎಂಬುದಕ್ಕೆ "ನಾಯಕತ್ವದ ಗುಣ ಬೆಳೆಸಿಕೊಳ್ಳಲು" ಎಂಬ ಉತ್ತರ ಅವರು ದಿನಕ್ಕೆ ಹತ್ತಾರು ಬಾರಿ ಕೇಳಿರುತ್ತಾರೆ. ನಾನು ಇಷ್ಟು ಮಾಡಿದ್ದೇನೆ, ಇಲ್ಲಿಗೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ, ಇದನ್ನು ಕಲಿತರೆ ಮುಂದೆ ಹೋಗಬಲ್ಲೆ. ಈ ಮೂರನ್ನು ನಿಮ್ಮದೇ ವಿವರಗಳಿಂದ ತುಂಬಿ. ಹಳೆಯ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದೆ. "ಅಷ್ಟು ಸಾಲ ಮಾಡಿ ಯಾಕೆ ಓದಬೇಕು?" ಎಂದು ಮನೆಯಲ್ಲಿ ಅಜ್ಜ ಕೇಳಿದರೆ ಅವರಿಗೆ ಒಪ್ಪಿಗೆಯಾಗುವ ಉತ್ತರ ನಿಮ್ಮಲ್ಲಿದೆಯೇ? ಅದೇ ಉತ್ತರವನ್ನು ಅಲ್ಲಿಯೂ ಕೊಡಬಹುದು.

4. ಮನೆಯ ಕಸುಬಿನ ಲೆಕ್ಕ ಕಲಿಯಿರಿ

ಈ ಹಂತಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ನಿಮ್ಮ ಮನೆಯಲ್ಲಿ ಅಡಿಕೆ ತೋಟ ಇದೆ ಎಂದಿಟ್ಟುಕೊಳ್ಳಿ. ನೀವು ಅದನ್ನು ಹೇಳಿದ ತಕ್ಷಣ ಪ್ರಶ್ನೆಗಳು ಹೀಗೆ ಬರಬಹುದು.

ಒಂದು ಎಕರೆಗೆ ಎಷ್ಟು ಮರ? ಒಂಬತ್ತು ಅಡಿಗೊಂದರಂತೆ ನೆಟ್ಟರೆ ಸುಮಾರು 540. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಎಷ್ಟು ಕೆಜಿ ಉಳಿಯುತ್ತದೆ? ಕೊನೆ (ಅಡಿಕೆ ಗೊನೆ) ತೆಗೆಯುವ ಕೂಲಿ ಎಷ್ಟು, ಸುಲಿಯುವ ಕೂಲಿ ಎಷ್ಟು? ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಮಾಡುವುದು ಯಾಕೆ, ಬೆಲೆಯಲ್ಲಿ ಅಷ್ಟು ವ್ಯತ್ಯಾಸ ಯಾಕೆ? ನೀವು ಮಾರುವುದು ಖಾಸಗಿ ಮಂಡಿಗೋ, 1939ರಿಂದ ಇರುವ ಮ್ಯಾಮ್ಕೋಸ್‌ನಂಥ ಸಹಕಾರಿ ಸಂಘಕ್ಕೋ? ಯಾಕೆ? ಬೆಲೆ ನಿರ್ಧಾರ ಮಾಡುವವರು ಯಾರು?

ಇದರಲ್ಲಿ ಅರ್ಧಕ್ಕೂ ಉತ್ತರ ಗೊತ್ತಿಲ್ಲದ ಮಕ್ಕಳೇ ಹೆಚ್ಚು. ರಜೆಯಲ್ಲಿ ಅಡಿಕೆ ಹೆಕ್ಕಿದ್ದಾರೆ, ಅಂಗಳದಲ್ಲಿ ಹರಡಿದ್ದಾರೆ, ಲೆಕ್ಕ ಮಾತ್ರ ಕೇಳಿಲ್ಲ. ಒಂದು ಸಂಜೆ ಅಪ್ಪನ ಹತ್ತಿರವೋ ದೊಡ್ಡಪ್ಪನ ಹತ್ತಿರವೋ ನೋಟ್‌ಬುಕ್ ಹಿಡಿದು ಕೂರಿ. ಗೊಬ್ಬರ, ಔಷಧಿ ಹೊಡೆಸುವುದು, ಕೂಲಿ, ಸಾಗಾಟ ಎಲ್ಲ ಕಳೆದು ಎಕರೆಗೆ ಕೈಗೆ ಬರುವುದೆಷ್ಟು ಎಂದು ನೀವೇ ಬರೆದು ನೋಡಿ. ಮಂಡಿಯ ಹಳೆಯ ಪಟ್ಟಿ ಇದ್ದರೆ ಕೇಳಿ ಪಡೆಯಿರಿ. ಅದರಲ್ಲಿ ತೂಕ, ದರ, ಕಡಿತ ಎಲ್ಲ ಸಾಲಾಗಿ ಇರುತ್ತದೆ. ಆ ಒಂದು ಹಾಳೆಯಿಂದಲೇ ಹತ್ತು ನಿಮಿಷ ಮಾತಾಡಬಹುದು.

ಚೇಣಿಯನ್ನೇ ನೋಡಿ. ಫಸಲು ಮರದಲ್ಲಿರುವಾಗಲೇ ಚೇಣಿದಾರರಿಗೆ ಒಪ್ಪಿಸಿಬಿಡುತ್ತೇವೆ. ಒಪ್ಪಂದದ ರೀತಿ ಊರಿಂದ ಊರಿಗೆ ಬೇರೆ. ನಮಗೆ ಅದು ದಿನನಿತ್ಯದ ಮಾತು. ಕೊನೆ ತೆಗೆಯಲು ಜನ ಸಿಗದ ಕಷ್ಟ, ಸುಲಿದು ಬೇಯಿಸುವ ಹೊತ್ತಿಗೆ ಮಳೆ ಬರುವ ಅಪಾಯ, ಇದನ್ನೆಲ್ಲ ಬೇರೆಯವರಿಗೆ ದಾಟಿಸಿ, ಬದಲಿಗೆ ಲಾಭದ ಒಂದು ಪಾಲು ಬಿಟ್ಟುಕೊಡುವುದು ಅದು. ಎಂಬಿಎ ತರಗತಿಯಲ್ಲಿ ರಿಸ್ಕ್ ಟ್ರಾನ್ಸ್‌ಫರ್ ಎಂದು ಕಲಿಸುವುದು ಇದನ್ನೇ. ಹೀಗೆ ಬಿಡಿಸಿ ಹೇಳಬಲ್ಲವರನ್ನು ಸಂದರ್ಶಕರು ಆಸಕ್ತಿಯಿಂದ ಕೇಳುತ್ತಾರೆ. ಯಾಕೆಂದರೆ ಅವರಿಗೂ ಇದು ಹೊಸದು.

ಕಷ್ಟದ ಪ್ರಶ್ನೆಗಳೂ ಬರುತ್ತವೆ. ಅಡಿಕೆ ಆಮದಿಗೆ ಕನಿಷ್ಠ ಬೆಲೆ ಇದೆ. ಅದಕ್ಕಿಂತ ಅಗ್ಗದ ಅಡಿಕೆ ತರಿಸುವಂತಿಲ್ಲ. 2023ರ ಫೆಬ್ರವರಿಯಲ್ಲಿ ಅದನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. "ಇದು ರೈತರಿಗೆ ಒಳ್ಳೆಯದು, ಆದರೆ ಕೊಳ್ಳುವವರಿಗೆ?" ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. "ಇಂಥ ಬೆಳೆಯ ಮೇಲೆ ನಿಂತ ಜಿಲ್ಲೆಯ ಮುಂದಿನ ದಾರಿ ಏನು?" ಎಂದು ಕೇಳಿದರೆ ಸಿಟ್ಟಾಗಬೇಡಿ, "ಅದೆಲ್ಲ ಸುಳ್ಳು" ಎಂದೂ ಹೇಳಬೇಡಿ. ಗುಟ್ಕಾ ಬೇರೆ, ಅಡಿಕೆ ಬೇರೆ ಎಂದು ನಮ್ಮ ಕಡೆ ವಾದ ಮಾಡುತ್ತೇವೆ. ಆದರೆ ಆ ವರ್ಗೀಕರಣ ತಂಬಾಕು ಸೇರಿಸದ ಅಡಿಕೆಗೂ ಅನ್ವಯಿಸುತ್ತದೆ. ಇದನ್ನು ತಿಳಿದುಕೊಂಡೇ ಮಾತಾಡಿ. ಕಾಳುಮೆಣಸು, ಜಾಯಿಕಾಯಿ, ಕೋಕೋದಂಥ ಅಂತರಬೆಳೆಗಳು ನಿಮ್ಮ ತೋಟದಲ್ಲಿ ಎಷ್ಟು ಆದಾಯ ಕೊಡುತ್ತಿವೆ ಎಂಬ ನಿಜವಾದ ಲೆಕ್ಕ ಇದ್ದರೆ ಉತ್ತರಕ್ಕೆ ತೂಕ ಬರುತ್ತದೆ.

ತೋಟ ಇಲ್ಲದವರಿಗೂ ಇದೇ ಕ್ರಮ. ಅಪ್ಪನದು ಕಿರಾಣಿ ಅಂಗಡಿಯಾದರೆ ಯಾವ ಸಾಮಾನಿನಲ್ಲಿ ಎಷ್ಟು ಉಳಿಯುತ್ತದೆ, ಸಾಲದ ಪುಸ್ತಕದಲ್ಲಿ ಎಷ್ಟು ಬಾಕಿ ಇದೆ, 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಹಳೆಯ ದಾಸ್ತಾನನ್ನು ಏನು ಮಾಡಿದರು ಎಂದು ಕೇಳಿ. ಅಮ್ಮ ಸ್ವಸಹಾಯ ಸಂಘದಲ್ಲಿದ್ದರೆ ಸಾಲಕ್ಕೆ ಬಡ್ಡಿ ಎಷ್ಟು, ಕಟ್ಟಲಾಗದವರನ್ನು ಗುಂಪು ಹೇಗೆ ನಿಭಾಯಿಸುತ್ತದೆ ಎಂದು ತಿಳಿಯಿರಿ. ಆಟೊ, ಗಾರೆ ಕೆಲಸ, ಅಂಗನವಾಡಿ, ಯಾವುದೇ ಇರಲಿ. ಲೆಕ್ಕ ಇಲ್ಲದ ಕಸುಬು ಇಲ್ಲ.

5. ಡಿಗ್ರಿಯ ಪಾಠ

ಎಲ್ಲ ವಿಷಯ ತಿರುವಿ ಹಾಕಲು ಸಮಯ ಇರುವುದಿಲ್ಲ. ಎರಡು ವಿಷಯ ಆರಿಸಿಕೊಂಡು ಗಟ್ಟಿ ಮಾಡಿ. "ನಿಮ್ಮ ಇಷ್ಟದ ವಿಷಯ ಯಾವುದು?" ಎಂದರೆ ಅದನ್ನೇ ಹೇಳಿ. ಬಿಕಾಂ ಆದರೆ ಬ್ಯಾಲೆನ್ಸ್ ಶೀಟ್, ಸವಕಳಿ, ದುಡಿಯುವ ಬಂಡವಾಳ ಇವನ್ನು ಸೂತ್ರವಿಲ್ಲದೆ ವಿವರಿಸಲು ಬರಬೇಕು. ಎಂಜಿನಿಯರಿಂಗ್ ಆದರೆ ಕೊನೇ ವರ್ಷದ ಪ್ರಾಜೆಕ್ಟ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಬೇರೆಯವರಿಂದ ಮಾಡಿಸಿದ್ದಾದರೂ ಈಗಲಾದರೂ ಕೂತು ಅರ್ಥ ಮಾಡಿಕೊಳ್ಳಿ.

6. ಸುದ್ದಿ: ಊರಿನಿಂದ ಶುರು ಮಾಡಿ

ದಿನಕ್ಕೆ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಮತ್ತು ವಾಣಿಜ್ಯ ಪುಟ, ಜೊತೆಗೆ ಕನ್ನಡ ಪತ್ರಿಕೆಯ ಜಿಲ್ಲಾ ಪುಟ ಓದಿ. ರೆಪೊ ದರ (ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ), ಹಣದುಬ್ಬರ, ಬಜೆಟ್ಟಿನ ಮುಖ್ಯ ಅಂಶ ಇವು ಬೇಕೇ ಬೇಕು. ಸಂದರ್ಶನಗಳು ನಡೆಯುವುದೇ ಬಜೆಟ್ಟಿನ ಆಸುಪಾಸಿನಲ್ಲಿ.

"ಶಿವಮೊಗ್ಗದವರು" ಎಂದು ಗೊತ್ತಾದ ಮೇಲೆ ಊರಿನ ಬಗ್ಗೆ ಕೇಳುವ ಸಾಧ್ಯತೆ ದೊಡ್ಡದು. ಭದ್ರಾವತಿಯ ಉಕ್ಕಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ತಯಾರಿಸಲು ಶುರು ಮಾಡಿತು. 2023ರಲ್ಲಿ ಅದನ್ನು ಮುಚ್ಚುವ ಮಾತು ಬಂದು ಕಾರ್ಮಿಕರು ಬೀದಿಗಿಳಿದರು. ಪಕ್ಕದಲ್ಲೇ 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಸರ್ಕಾರಿ ಕಾರ್ಖಾನೆ ಯಾಕೆ ಸೋಲುತ್ತದೆ, ಖಾಸಗಿಗೆ ಕೊಟ್ಟರೆ ಊರಿಗೆ ಏನಾಗುತ್ತದೆ? 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಇನ್ನೊಂದು. ವಿದ್ಯುತ್ ಜಾಸ್ತಿ ಇರುವಾಗ ಗೇರುಸೊಪ್ಪೆಯಿಂದ ತಳಕಳಲೆಗೆ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು. ಕಾಡು ಮುಖ್ಯವೋ ವಿದ್ಯುತ್ ಮುಖ್ಯವೋ ಎಂದು ಕೇಳಿದರೆ ಎರಡೂ ಕಡೆಯ ವಾದ ಹೇಳಿ, ಕೊನೆಗೆ ನಿಮ್ಮ ನಿಲುವು ಹೇಳಿ. "ಎರಡೂ ಮುಖ್ಯ" ಎಂದು ತೇಲಿಸಿದರೆ ಬಿಡುವುದಿಲ್ಲ. 2023ರಲ್ಲಿ ಶುರುವಾದ ವಿಮಾನ ನಿಲ್ದಾಣ, 2025ರಲ್ಲಿ ಉದ್ಘಾಟನೆಯಾದ ಸಿಗಂದೂರು ಸೇತುವೆ, ಇವುಗಳಿಂದ ಯಾರ ವ್ಯಾಪಾರ ಬೆಳೆಯಿತು, ಯಾರದು ಕುಂದಿತು ಎಂದು ಯೋಚಿಸಿಟ್ಟುಕೊಳ್ಳಿ.

7. ಇಂಗ್ಲಿಷ್ ಭಯ

ಕನ್ನಡ ಮಾಧ್ಯಮದವರು ಅತಿ ಹೆಚ್ಚು ಕೇಳುವುದು ಇದನ್ನೇ. ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಉಚ್ಚಾರಣೆ ಅಳೆಯಲು ಕೂತಿರುವುದಿಲ್ಲ. ಸಣ್ಣ ವಾಕ್ಯಗಳಲ್ಲಿ, ನಿಧಾನವಾಗಿ, ಒಂದಾದ ಮೇಲೊಂದು ವಿಷಯ ಹೇಳಿದರೆ ಸಾಕು. ದೊಡ್ಡ ದೊಡ್ಡ ಪದ ಹುಡುಕಲು ಹೋದಾಗಲೇ ತಡವರಿಸುವುದು. ವಿಷಯವನ್ನು ಮೊದಲು ಕನ್ನಡದಲ್ಲಿ ಗೆಳೆಯರಿಗೆ ವಿವರಿಸಿ, ತಲೆಯಲ್ಲಿ ಅದು ಸ್ಪಷ್ಟವಾದ ಮೇಲೆ ಇಂಗ್ಲಿಷಿನಲ್ಲಿ ಹೇಳಿ. ದಿನಾ ಹದಿನೈದು ನಿಮಿಷ ಗಟ್ಟಿಯಾಗಿ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ಅಂಜಿಕೆ ಕಡಿಮೆಯಾಗುವುದು ನಿಮಗೇ ತಿಳಿಯುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ "ಕುಡ್ ಯು ಪ್ಲೀಸ್ ರಿಪೀಟ್ ದಟ್, ಸರ್?" ಎಂದು ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ. ಅರ್ಥವಾಗದ ಪ್ರಶ್ನೆಗೆ ಉತ್ತರಿಸುವುದೇ ತಪ್ಪು.

8. ವ್ಯಾಟ್

ಸಾಮಾನ್ಯವಾಗಿ 15ರಿಂದ 30 ನಿಮಿಷ, ಒಂದು ವಿಷಯ. ಮೊದಲ ಮೂರು ನಿಮಿಷ ಬರೆಯದೆ ಯೋಚಿಸಿ. ನಿಲುವು ಏನು, ಎರಡು ಕಾರಣ ಏನು, ಎದುರು ವಾದ ಏನು ಎಂದು ಗೀಚಿಕೊಳ್ಳಿ. ವಾರಕ್ಕೆ ಮೂರು ಬರೆದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿ.

9. ಅಣಕು ಸಂದರ್ಶನ

ಗೆಳೆಯರ ಜೊತೆ ಮಾತ್ರ ಮಾಡಿದರೆ ಪ್ರಯೋಜನವಿಲ್ಲ. ಅವರು ನಿಮ್ಮನ್ನು ಕಷ್ಟಕ್ಕೆ ಸಿಕ್ಕಿಸುವುದಿಲ್ಲ. ಪರಿಚಯದ ಬ್ಯಾಂಕ್ ಮ್ಯಾನೇಜರ್, ಸೊಸೈಟಿಯ ಕಾರ್ಯದರ್ಶಿ, ಅರ್ಥಶಾಸ್ತ್ರದ ಉಪನ್ಯಾಸಕರು, ಆ ಕಾಲೇಜಿನಲ್ಲೇ ಓದಿದ ಊರಿನ ಯಾರಾದರೂ ಅಕ್ಕನೋ ಅಣ್ಣನೋ ಇದ್ದರೆ ವಿಡಿಯೊ ಕರೆಯಲ್ಲಿ, ಹೀಗೆ ಬೇರೆ ಬೇರೆಯವರ ಎದುರು ಕೂರಿ. ಮುಗಿದ ಮೇಲೆ "ಯಾವ ಉತ್ತರ ನಂಬುವಂತಿರಲಿಲ್ಲ?" ಎಂದು ಕೇಳಿ. "ಹೇಗಾಯ್ತು?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಾಯ್ತು ಅಂತಲೇ ಹೇಳುತ್ತಾರೆ.

10. ಪ್ರಯಾಣ, ಬಟ್ಟೆ, ನೆಟ್‌ವರ್ಕ್

ನಮಗೆ ಹತ್ತಿರದ ಕೇಂದ್ರ ಬೆಂಗಳೂರು. ರಾತ್ರಿ ಬಸ್ಸಿಗೆ ಹೋಗಿ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ನೇರ ಸಂದರ್ಶನಕ್ಕೆ ಹೋಗುವ ಯೋಜನೆ ಬೇಡ. ನಿದ್ದೆಗೆಟ್ಟ ತಲೆ ಕೆಲಸ ಮಾಡುವುದಿಲ್ಲ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ, ಸಾಧ್ಯವಾದರೆ ಸ್ಥಳ ನೋಡಿ ಬನ್ನಿ. ದಾಖಲೆ ಪರಿಶೀಲನೆ, ವ್ಯಾಟ್, ಕಾಯುವುದು ಎಲ್ಲ ಸೇರಿ ಅರ್ಧ ದಿನ ಹೋಗುತ್ತದೆ. ತಿಂಡಿ ತಿಂದು ಹೋಗಿ. ಇಸ್ತ್ರಿ ಮಾಡಿದ ತಿಳಿ ಬಣ್ಣದ ಶರ್ಟು, ಗಾಢ ಪ್ಯಾಂಟು, ಹೆಣ್ಣುಮಕ್ಕಳಿಗೆ ಸೀರೆ, ಚೂಡಿದಾರ ಅಥವಾ ಫಾರ್ಮಲ್ಸ್. ಕೋಟು ಕೊಳ್ಳಲೆಂದು ಸಾಲ ಮಾಡಬೇಡಿ. ಹೊಸ ಶೂ ಕೊಂಡರೆ ಒಂದು ವಾರ ಮೊದಲೇ ಹಾಕಿ ಅಭ್ಯಾಸ ಮಾಡಿ.

ಆನ್‌ಲೈನ್ ಸಂದರ್ಶನವಾದರೆ ಹಳ್ಳಿಯ ಮನೆಯಲ್ಲಿ ಕೂರುವ ಮೊದಲು ಯೋಚಿಸಿ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಶುರುವಾದರೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ. ಶಿವಮೊಗ್ಗದಲ್ಲೋ ಸಾಗರದಲ್ಲೋ ಬ್ರಾಡ್‌ಬ್ಯಾಂಡ್ ಮತ್ತು ಯುಪಿಎಸ್ ಇರುವ ಪರಿಚಯದವರ ಮನೆ ನೋಡಿ. ಬೇರೆ ಕಂಪನಿಯ ಸಿಮ್ ಇರುವ ಎರಡನೇ ಫೋನನ್ನು ಹಾಟ್‌ಸ್ಪಾಟ್‌ಗೆ ಸಿದ್ಧ ಇಟ್ಟುಕೊಳ್ಳಿ. ಸಂಪರ್ಕ ಕಡಿದರೆ ಕರೆ ಮಾಡಬೇಕಾದ ನಂಬರನ್ನು ಕಾಗದದ ಮೇಲೆ ಬರೆದಿಡಿ.

11. ಕೋಣೆಯೊಳಗೆ

ಎದುರು ಇಬ್ಬರೋ ಮೂವರೋ ಇರುತ್ತಾರೆ. ಸುಮಾರು 15ರಿಂದ 25 ನಿಮಿಷ. ನಮಸ್ಕಾರ ಹೇಳಿ, ಕೂರಲು ಹೇಳಿದ ಮೇಲೆ ಕೂರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ನೇರವಾಗಿ ಹೇಳಿ. ಊಹಿಸಬಲ್ಲಿರಿ ಎನಿಸಿದರೆ "ನನಗೆ ಖಚಿತವಿಲ್ಲ, ಯೋಚಿಸಿ ಹೇಳಲು ಪ್ರಯತ್ನಿಸಬಹುದೇ?" ಎಂದು ಅನುಮತಿ ಕೇಳಿ. ಬೇಕೆಂದೇ ನಿಮ್ಮ ಮಾತನ್ನು ಅಲ್ಲಗಳೆಯುವವರೂ ಇರುತ್ತಾರೆ. ಅವರ ಮಾತಿನಲ್ಲಿ ಸರಿ ಇದ್ದಷ್ಟನ್ನು ಒಪ್ಪಿ, ಉಳಿದದ್ದಕ್ಕೆ ಕಾರಣ ಕೊಡಿ. ತಕ್ಷಣ ಮಾತು ಬದಲಿಸಿದರೂ ಕೆಟ್ಟದು, ಹಟ ಹಿಡಿದರೂ ಕೆಟ್ಟದು. ಕೊನೆಗೆ "ನಿಮಗೇನಾದರೂ ಕೇಳುವುದಿದೆಯೇ?" ಎಂದರೆ ಅವರ ವೆಬ್‌ಸೈಟ್‌ನಲ್ಲೇ ಇರುವುದನ್ನು ಕೇಳಬೇಡಿ.

12. ಹೊರಗೆ ಬಂದ ಮೇಲೆ

ಅದೇ ದಿನ, ಊರಿನ ಬಸ್ಸು ಹತ್ತುವ ಮುಂಚೆಯೇ, ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡಿ. ಇನ್ನೊಂದು ಸಂದರ್ಶನ ಬಾಕಿ ಇದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಇಲ್ಲ. ಫಲಿತಾಂಶದಲ್ಲಿ ವೇಟ್‌ಲಿಸ್ಟ್ ಬಂದರೆ, ಅಂದರೆ ಸೀಟು ಖಾಲಿಯಾದಂತೆ ಕರೆಯುವ ಕಾಯುವ ಪಟ್ಟಿಯಲ್ಲಿ ಹೆಸರಿದ್ದರೆ, ಮೇಲ್ ದಿನಾ ನೋಡುತ್ತಿರಿ. ಸ್ಪ್ಯಾಮ್ ಫೋಲ್ಡರ್ ಕೂಡ. ಸೀಟು ಬಂದರೆ ಒಪ್ಪಿಗೆ ಶುಲ್ಕ ಕಟ್ಟಲು ಕೆಲವೇ ದಿನ ಕೊಡುತ್ತಾರೆ. ಹಾಗಾಗಿ ಫಲಿತಾಂಶಕ್ಕೆ ಕಾಯದೆ ಬ್ಯಾಂಕಿಗೆ ಹೋಗಿ ಶಿಕ್ಷಣ ಸಾಲಕ್ಕೆ ಏನೇನು ಬೇಕು, ಆ ಸಂಸ್ಥೆಗೆ ಅಡಮಾನ ಇಲ್ಲದೆ ಎಷ್ಟು ಕೊಡುತ್ತಾರೆ, ಪಹಣಿ ಕೇಳುತ್ತಾರಾ ಎಂದು ವಿಚಾರಿಸಿಟ್ಟುಕೊಳ್ಳಿ. ಮೊದಲ ಕಂತಿನ ಹಣ ಸಾಲ ಮಂಜೂರಾಗುವ ಮೊದಲೇ ಕಟ್ಟಬೇಕಾಗಿ ಬರಬಹುದು. ಅದನ್ನು ಎಲ್ಲಿಂದ ಹೊಂದಿಸುವುದು ಎಂದು ಮನೆಯವರ ಜೊತೆ ಮಾರ್ಚ್‌ನಲ್ಲೇ ಕೂತು ಮಾತಾಡಿ.